ದೊರೆಗಳೂ ಊರು ಬಿಟ್ಟು ಬಂದವರೇ

ರೆಡ್‌ರೂತ್‌ಗೆ ಬಂದ ಮೊದಲ ವಾರ. ಹಾಲು ತರಲು ಮೂಲೆಯಂಗಡಿಗೆ ಹೋದರೆ, ಕೌಂಟರಿನ ಹಿಂದಿದ್ದ ಅರವತ್ತು ದಾಟಿದ ಹೆಂಗಸು ಚಿಲ್ಲರೆ ಕೈಗಿಟ್ಟು ನನ್ನನ್ನು ‘ಮೈ ಲವರ್’ ಅಂದರು. ಪಕ್ಕದಲ್ಲೇ ಹೆಂಡತಿ ನಿಂತಿದ್ದಳು. ಮನೆ ತಲುಪುವವರೆಗೂ ಅವಳ ನಗು ನಿಲ್ಲಲಿಲ್ಲ. ಇಂಗ್ಲೆಂಡಿನ ಈ ನೈಋತ್ಯ ಮೂಲೆಯಲ್ಲಿ ಅದಕ್ಕೆ ನಮ್ಮ ಕಡೆಯ ‘ಏನಪ್ಪಾ’, ‘ಏಮ್ ನಾಯ್ನಾ’ಗಿಂತ ಹೆಚ್ಚಿನ ಅರ್ಥವಿಲ್ಲ ಅಂತ ತಿಳಿಯಲು ಒಂದು ತಿಂಗಳು ಬೇಕಾಯಿತು.

ಅವಳಿಗೆ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ. ನನ್ನದು ಲ್ಯಾಪ್‌ಟಾಪ್ ಇದ್ದಲ್ಲಿ ಆಫೀಸು. ಹಾಗಾಗಿ ಲಂಡನ್ನೂ ಅಲ್ಲದ, ಮ್ಯಾಂಚೆಸ್ಟರೂ ಅಲ್ಲದ ಕಾರ್ನ್‌ವಾಲ್‌ಗೆ ಬಂದು ಬಿದ್ದೆವು. ಒಂದು ಸಿಂಕಿಗೆ ಎರಡು ನಲ್ಲಿ, ಒಂದರಲ್ಲಿ ಕೈ ಸುಡುತ್ತದೆ, ಇನ್ನೊಂದರಲ್ಲಿ ಮರಗಟ್ಟುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ದೀಪ ಹಾಕಬೇಕು. ಯಾವ ಕಸ ಯಾವ ವಾರ ಅನ್ನೋದಕ್ಕೊಂದು ಪಂಚಾಂಗವೇ ಇದೆ. ಇವನ್ನೆಲ್ಲ ಹೊರದೇಶಕ್ಕೆ ಹೋದ ಪ್ರತಿಯೊಬ್ಬರೂ ಬರೆದಿದ್ದಾರೆ, ಬಿಡಿ. ನಾನು ಹೇಳಬೇಕಂತಿರೋದು ಬೇರೆ.

ನನ್ನ ಊರು ಬೈರಕೂರು. ಮುಳಬಾಗಿಲು ತಾಲ್ಲೂಕಿನ ಒಂದು ಹೋಬಳಿ, ಕೂಗಿದರೆ ಆಂಧ್ರಕ್ಕೆ ಕೇಳಿಸುತ್ತೆ. ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಕೆಜಿಎಫ್‌ಗೆ ಹೋದರೆ ತಮಿಳು. ಮೂರು ಭಾಷೆಯ ನಡುವೆ ಬೆಳೆದವನಿಗೆ ಪರದೇಶ ಅಂದರೆ ನಾಲ್ಕನೆಯದು ಅಷ್ಟೇ ಅಂದುಕೊಂಡಿದ್ದೆ. ಆದರೆ ಇಲ್ಲಿ ಬಂದು ಕಂಡದ್ದು ಕರಿಗಲ್ಲಿನ ಗುಡ್ಡ, ಒರಟು ಬಂಡೆ, ಕುರುಚಲು ಗಿಡ. ರೆಡ್‌ರೂತ್ ಪಕ್ಕದ ಕಾರ್ನ್ ಬ್ರೇ ಗುಡ್ಡ ಹತ್ತಿ ಕೂತಾಗ ಆವನಿ ಬೆಟ್ಟದ ಮೇಲೆ ಕೂತಂತೆಯೇ ಅನ್ನಿಸಿತು. ಕೆಳಗೆ ನೋಡಿದರೆ ಅಲ್ಲಲ್ಲಿ ಪಾಳುಬಿದ್ದ ಕಲ್ಲಿನ ಕಟ್ಟಡ, ಪಕ್ಕಕ್ಕೊಂದು ಚಿಮಣಿ. ಹಳೆಯ ಗಣಿಗಳ ಎಂಜಿನ್ ಮನೆಗಳು. ತವರ, ತಾಮ್ರ ತೆಗೆದ ಊರಿದು. ಕೆಜಿಎಫ್ ನೋಡಿದ ಕಣ್ಣಿಗೆ ಪಾಳು ಗಣಿಯನ್ನು ಯಾರೂ ಪರಿಚಯಿಸಬೇಕಿಲ್ಲ.

ನಂಟು ಬರೀ ನೋಟದ್ದಲ್ಲ ಅಂತ ಗೊತ್ತಾಗಿದ್ದು ಪಕ್ಕದ ಮನೆಯ ಅಜ್ಜಿಯಿಂದ. ಎಲ್ಲಿಯವನು ಅಂದರು. ಬೆಂಗಳೂರು ಅಂದೆ, ಎಲ್ಲರಿಗೂ ಹೇಳುವ ಸುಳ್ಳು ಅದು. ಅದರ ಹತ್ತಿರ ಊರ್ಗಮ್ ಅಂತ ಇದೆಯಲ್ಲವಾ, ಅಂದರು. ಉರಿಗಾಂ! ಅವರ ಮುತ್ತಜ್ಜ ಅಲ್ಲಿ ಕೆಲಸ ಮಾಡಿದ್ದನಂತೆ.

ಕೋಲಾರದ ಚಿನ್ನದ ಕಥೆಯನ್ನು ನಾವು ಸಾಮಾನ್ಯವಾಗಿ ಚಿನ್ನದಿಂದಲೇ ಶುರು ಮಾಡುತ್ತೇವೆ. 1802ರಲ್ಲಿ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್, ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ನೋಡಿ ಬರೆದಿಟ್ಟ. ಎಷ್ಟೋ ವರ್ಷದ ಮೇಲೆ ಆ ಬರಹ ಓದಿದವನು ಮೈಕೆಲ್ ಲವೆಲ್. ಐರಿಷ್ ಸೈನಿಕ, ನ್ಯೂಜಿಲೆಂಡಿನ ಮಾವೊರಿ ಯುದ್ಧ ಮುಗಿಸಿ ಬೆಂಗಳೂರಿಗೆ ಬಂದಿದ್ದವನು. ನೀವು ಕಾಫಿಗೆ ಹೋಗುವ ಲ್ಯಾವೆಲ್ ರೋಡ್ ಅವನದೇ. 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿದ, ಪರವಾನಗಿ ಸಿಕ್ಕಿತು. ಕೈಯಲ್ಲಿ ಕಾಸು ಸಾಲದೆ ಹಕ್ಕು ಬೇರೆಯವರಿಗೆ ಮಾರಿದ. ಅವರೂ ಒದ್ದಾಡಿದರು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ ಗಣಿ ಗಣಿಯಾಯಿತು.

ಈಗ ಅದನ್ನೇ ಕಾರ್ನ್‌ವಾಲ್ ಕಡೆಯಿಂದ ನೋಡಿ. 1866ರಲ್ಲಿ ತಾಮ್ರದ ಬೆಲೆ ಬಿದ್ದುಹೋಯಿತು. ಗಣಿಗಳು ಸಾಲಾಗಿ ಮುಚ್ಚಿದವು. 1861ರಿಂದ 1901ರ ನಡುವೆ ಸುಮಾರು ಎರಡೂವರೆ ಲಕ್ಷ ಜನ ಈ ಪುಟ್ಟ ಜಿಲ್ಲೆ ಬಿಟ್ಟು ಹೋದರು ಅನ್ನೋದು ಲೆಕ್ಕ. ದಕ್ಷಿಣ ಆಸ್ಟ್ರೇಲಿಯಾ, ಮೆಕ್ಸಿಕೊ, ಅಮೆರಿಕ, ದಕ್ಷಿಣ ಆಫ್ರಿಕಾ. ಅವರಲ್ಲಿ ಒಂದಷ್ಟು ಜನ ನಮ್ಮ ಕೋಲಾರಕ್ಕೆ. ಟೇಲರ್ ಮನೆತನಕ್ಕೆ ಕಾರ್ನ್‌ವಾಲ್ ಗಣಿಗಳ ನಂಟು ಮೊದಲಿಂದಲೂ ಇತ್ತು, ಹಾಗಾಗಿ ಕೋಲಾರಕ್ಕೆ ಬೇಕಾದ ಕಸುಬುದಾರರು ಇಲ್ಲಿಂದ ಬಂದರು. ಗಣಿಯ ಮೇಲ್ವಿಚಾರಕನನ್ನು ಇಲ್ಲಿ ‘ಕ್ಯಾಪ್ಟನ್’ ಅನ್ನುವ ರೂಢಿ. 1880ರ ದಶಕದಲ್ಲಿ ಮೈಸೂರು ಗಣಿಯಲ್ಲಿ ಚಾಂಪಿಯನ್ ಲೋಡ್ ಅನ್ನುವ ಚಿನ್ನದ ಪದರ ಹಿಡಿದ ಕ್ಯಾಪ್ಟನ್ ಪ್ಲಮ್ಮರ್‌ನನ್ನು ನಾನು ಬಹಳ ವರ್ಷ ಮಿಲಿಟರಿಯವನು ಅಂದುಕೊಂಡಿದ್ದೆ.

ಅಂದರೆ ನಮ್ಮ ತಾತ ‘ದೊರೆಗಳು’ ಅನ್ನುತ್ತಿದ್ದ ಜನರಲ್ಲಿ ಹಲವರು ಕೆಲಸ ಹೋಗಿ, ಹೊಟ್ಟೆಪಾಡಿಗೆ ಹಡಗು ಹತ್ತಿದವರ ಮಕ್ಕಳು. ಸೂಯೆಜ್ ದಾಟಿ, ಬಂದರಲ್ಲಿ ಇಳಿದು, ರೈಲಲ್ಲಿ ಬೌರಿಂಗ್‌ಪೇಟೆಗೆ, ಅಂದರೆ ಈಗಿನ ಬಂಗಾರಪೇಟೆಗೆ. ಗಣಿಯವರೆಗಿನ ರೈಲು ಬಂದಿದ್ದು 1894ರಲ್ಲಿ. ಅದಕ್ಕೆ ಮುಂಚೆ ಬಂದವರು ಕೊನೆಯ ಹತ್ತಾರು ಮೈಲಿ ನಮ್ಮ ಧೂಳು ಕುಡಿದೇ ಬಂದಿರಬೇಕು. ಹೆಂಡತಿ ಮಕ್ಕಳು ಎಷ್ಟೋ ಸಲ ಇಲ್ಲೇ ಉಳಿಯುತ್ತಿದ್ದರು. ಹೊರದೇಶದ ಹಣ ಟಪಾಲಿನಲ್ಲಿ ಬರುವ ದಿನಕ್ಕೆ ರೆಡ್‌ರೂತ್‌ನ ಅಂಗಡಿಯವರೂ ಕಾಯುತ್ತಿದ್ದರಂತೆ. ತಿಂಗಳ ಮೊದಲ ವಾರ ಅಪ್ಪನ ಅಕೌಂಟಿಗೆ ದುಡ್ಡು ಹಾಕುವ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಊಟದ ವಿಷಯ ಬಿಟ್ಟರೆ ತಪ್ಪಾಗುತ್ತೆ. ಇಲ್ಲಿಯ ಪ್ಯಾಸ್ಟಿ ಕಂಡಾಗ ಮೊದಲು ಹೊಳೆದಿದ್ದು ಕರ್ಜಿಕಾಯಿ, ನಮ್ಮನೆ ಮಾತಲ್ಲಿ ಕಜ್ಜಿಕಾಯ. ಅದೇ ಅರ್ಧಚಂದ್ರ, ಅದೇ ಮಡಚಿದ ಅಂಚು. ಒಳಗೆ ಕಾಯಿ ಬೆಲ್ಲದ ಬದಲು ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ಸ್ವೀಡ್ ಅನ್ನುವ ಗಡ್ಡೆ. ನಾನು ಚೀಸ್ ಹಾಕಿದ್ದು ತಿನ್ನುತ್ತೇನೆ. ಗಣಿಯವರ ಕೈಗೆ ವಿಷ ಅಂಟಿರುತ್ತಿತ್ತು, ಅದಕ್ಕೇ ಅಂಚು ಹಿಡಿದು ತಿಂದು ಅದನ್ನು ಎಸೆಯುತ್ತಿದ್ದರು ಅಂತ ಎಲ್ಲ ಅಂಗಡಿಯಲ್ಲೂ ಕಥೆ ಹೇಳುತ್ತಾರೆ. ಹಳೆಯ ಫೋಟೋಗಳಲ್ಲಿ ನೋಡಿದರೆ ಕಾಗದದಲ್ಲೋ ಬಟ್ಟೆಯಲ್ಲೋ ಸುತ್ತಿ ತುದಿಯಿಂದ ತುದಿಗೆ ತಿಂತಿದ್ದಾರೆ. ಬಡವ ಅನ್ನ ಎಸೆಯುತ್ತಾನಾ? ನನಗೆ ಫೋಟೋ ಮೇಲೇ ನಂಬಿಕೆ.

ಇಲ್ಲಿಯವರೆಗೆ ಕಥೆ ಹಿತವಾಗಿದೆ. ಅವರೂ ವಲಸೆ, ನಾವೂ ವಲಸೆ, ಕಜ್ಜಿಕಾಯಿಗೆ ಪ್ಯಾಸ್ಟಿ ತಂಗಿ. ಆದರೆ ಕೆಜಿಎಫ್‌ಗೆ ಊರು ಬಿಟ್ಟು ಬಂದವರು ಕಾರ್ನ್‌ವಾಲ್‌ನವರೊಬ್ಬರೇ ಅಲ್ಲವಲ್ಲ. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಸಾವಿರಾರು ಕುಟುಂಬ ಬಂದವು, ಹೆಚ್ಚಿನವರು ದಲಿತರು. ದೊರೆಗಳಿಗೆ ಹೂದೋಟವಿರುವ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಇವರಿಗೆ ಬಿದಿರು ತಟ್ಟಿಯ ಗುಡಿಸಲ ಸಾಲು. ಕಲ್ಲು ಸಿಡಿದು ಸುರಂಗ ಕುಸಿದರೆ ಮುಂದೆ ಇದ್ದವರು ಇವರು. ಬಂಡೆಯ ಧೂಳು ಎದೆಗಿಳಿದು ಕೆಮ್ಮಿ ಸತ್ತವರೂ ಇವರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ತಂತಿ ಎಳೆದು ಗಣಿಗೆ ಕರೆಂಟು ಕೊಟ್ಟರು, ಬೆಂಗಳೂರಿಗೂ ಮುಂಚೆ. ನಮ್ಮ ಜಿಲ್ಲೆಯವರು ಹೆಮ್ಮೆಯಿಂದ ಹೇಳುವ ವಿಷಯ. ಅದು ಮೊದಲು ತಿರುಗಿಸಿದ್ದು ಗಣಿಯ ಯಂತ್ರಗಳನ್ನು, ತಟ್ಟಿ ಗುಡಿಸಲಿನ ದೀಪವನ್ನಲ್ಲ.

ಹೆಸರಿನಲ್ಲೇ ವ್ಯತ್ಯಾಸ ನೋಡಿ. ಒಂದೇ ಗಣಿಗೆ ಹೊರಗಿನಿಂದ ಬಂದವರಲ್ಲಿ ಒಬ್ಬ ದೊರೆ, ಇನ್ನೊಬ್ಬ ಕೂಲಿ. ಇವತ್ತಿನ ‘ಎಕ್ಸ್‌ಪ್ಯಾಟ್’ ಮತ್ತು ‘ಇಮಿಗ್ರೆಂಟ್’ ಥರವೇ. ಬೆಂಗಳೂರಲ್ಲಿ ಟೀಮ್ ಲಂಚ್ ಮಾಡಿ ನನ್ನನ್ನು ಕಳಿಸಿಕೊಟ್ಟಾಗ ನಾನು ಎಕ್ಸ್‌ಪ್ಯಾಟ್. ಇಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಆರು ತಿಂಗಳ ಬಾಡಿಗೆ ಮುಂಗಡ ಇಡಿ ಅಂದರು. ಆಗ ಗೊತ್ತಾಯಿತು ಯಾವ ಡಬ್ಬಿಯಲ್ಲಿದ್ದೀನಿ ಅಂತ. ವೀಸಾಗೆ ಹತ್ತೂ ಬೆರಳಿನ ಗುರುತು ಕೊಟ್ಟು ಬಂದೆ, ಏನೂ ಅನ್ನಿಸಲಿಲ್ಲ. 1930ರಲ್ಲಿ ಕೆಜಿಎಫ್‌ನಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲೆ ಮಾಡಲು ಹೊರಟಾಗ, ನಾವೇನು ಕಳ್ಳರಾ ಅನ್ನುವ ಸಿಟ್ಟಿನಲ್ಲಿ ಅವರು ಕೆಲಸ ನಿಲ್ಲಿಸಿದ್ದರು. ಓದು ಬಾರದ ಆ ಜನಕ್ಕೆ ಅನ್ನಿಸಿದ್ದು ಬಿ.ಇ. ಮಾಡಿದ ನನಗೆ ಯಾಕೆ ಅನ್ನಿಸಲಿಲ್ಲ ಅಂತ ಬಹಳ ದಿನ ಯೋಚನೆ ಮಾಡಿದೆ.

ತಾತ ಗಾಡಿಯಲ್ಲಿ ಹುಣಸೆಹಣ್ಣು ಹಾಕಿಕೊಂಡು ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿಗೆ ಹೋಗುತ್ತಿದ್ದವರು. ಬಂಗಲೆಗಳನ್ನು ಕಾಂಪೌಂಡಿನ ಆಚೆಯಿಂದ ಮಾತ್ರ ನೋಡಿದ್ದರು. ದೊರೆಗಳ ಬಗ್ಗೆ ನಾವು ಹುಡುಗರು ಏನಾದರೂ ಬೈದರೆ, ‘ವಾಳ್ಳೂ ಇಲ್ಲು ವದಿಲಿ ವಚ್ಚಿನೋಳ್ಳೇ ಕದರಾ’ ಅನ್ನೋರು. ಅವರೂ ಮನೆ ಬಿಟ್ಟು ಬಂದವರೇ ತಾನೇ. ತಾತನಿಗೆ ಕಾರ್ನ್‌ವಾಲ್ ಅಂತ ಒಂದಿದೆ ಅನ್ನೋದೇ ಗೊತ್ತಿರಲಿಲ್ಲ. ಅವರ ಮಾತು ಅರ್ಧ ಸರಿ ಅಂತ ಈಗ ಅನ್ನಿಸುತ್ತೆ. ಮನೆ ಬಿಟ್ಟಿದ್ದು ಒಂದೇ, ಇಳಿದುಕೊಂಡ ಜಾಗ ಒಂದೇ ಅಲ್ಲ.

ಎರಡೂ ಕಡೆ ಕಡೆಗೆ ಬೀಗ ಬಿತ್ತು. ಇಲ್ಲಿಯ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ ಮುಚ್ಚಿದ್ದು 1998ರಲ್ಲಿ, ಕೆಜಿಎಫ್ 2001ರ ಫೆಬ್ರವರಿ 28ಕ್ಕೆ. ಇಲ್ಲಿಯ ಪಾಳು ಚಿಮಣಿಗಳಿಗೆ 2006ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು, ದಾರಿ ತೋರಿಸುವ ಫಲಕ ಬಂದವು. ಅಲ್ಲಿ ಸೈನೈಡ್ ದಿಬ್ಬದ ಧೂಳು ಇವತ್ತಿಗೂ ಗಾಳಿ ಬೀಸಿದಾಗ ಮನೆಯೊಳಗೆ ಬರುತ್ತೆ, ಗಂಡಸರು ಬೆಳಗಿನ ಟ್ರೇನ್ ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ.

ಕಳೆದ ವಸಂತದಲ್ಲಿ ಪಕ್ಕದ ಮನೆ ಅಜ್ಜಿ ಚಹಾಕ್ಕೆ ಕರೆದರು. ಕಿಟಕಿಯಲ್ಲಿ ಡ್ಯಾಫೋಡಿಲ್ ಹೂವಿಟ್ಟ ಹಿತ್ತಾಳೆ ಪಾತ್ರೆ. ನೋಡಿದರೆ ನಮ್ಮ ಚೊಂಬು! ಮುತ್ತಜ್ಜ ಕೋಲಾರದಿಂದ ತಂದದ್ದಂತೆ. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಏನೋ ಇತ್ತು, ಅವರು ಇಷ್ಟು ವರ್ಷ ಹೂಬಳ್ಳಿಯ ಕೆತ್ತನೆ ಅಂದುಕೊಂಡಿದ್ದರು. ಪಾತ್ರೆ ಮೇಲೆ ಹೆಸರು ಹಾಕಿಸೋದು ನಮಗೆ ಗೊತ್ತಲ್ಲ. ಅಕ್ಷರ ತಮಿಳು, ನನಗೆ ಮಾತು ಬರುತ್ತೆ, ಓದಲು ಬರಲ್ಲ. ಫೋಟೋ ತೆಗೆದು ಮಾರಿಕುಪ್ಪಂನ ಗೆಳೆಯನಿಗೆ ಕಳಿಸಿದೆ. ಐದು ನಿಮಿಷದಲ್ಲಿ ಉತ್ತರ ಬಂತು. ಒಬ್ಬ ಹೆಂಗಸಿನ ಹೆಸರು.

ಕೊಂಡಿದ್ದೋ, ಯಾರಾದರೂ ಕೊಟ್ಟಿದ್ದೋ, ಎತ್ತಿಕೊಂಡು ಬಂದದ್ದೋ. ಅಜ್ಜಿ ಆ ಹೆಸರನ್ನು ನನ್ನ ಬಾಯಲ್ಲಿ ಎರಡು ಮೂರು ಸಲ ಹೇಳಿಸಿದರು, ತಾವೂ ಹೇಳಿ ನೋಡಿದರು. ಆಮೇಲೆ ಹೂ ತೆಗೆದು, ನೀರು ಚೆಲ್ಲಿ, ಚೊಂಬು ಒರೆಸಿ ನನ್ನ ಮುಂದಿಟ್ಟು, ಊರಿಗೆ ಹೋಗುವಾಗ ತೆಗೆದುಕೊಂಡು ಹೋಗಿ ಕೊಟ್ಟುಬಿಡು ಅಂದರು. ಯಾರಿಗೆ ಅಂತ ಕೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಚಹಾ ಆರಿಹೋಗಿತ್ತು, ಮತ್ತೆ ಕೆಟಲ್ ಇಟ್ಟರು.

ಸದ್ಯಕ್ಕೆ ಚೊಂಬು ಅವರ ಕಿಟಕಿಯಲ್ಲೇ ಇದೆ. ನಾವು ಊರಿಗೆ ಹೋಗೋದು ಜನವರಿಗೆ, ಸಂಕ್ರಾಂತಿ ಹೊತ್ತಿಗೆ.