ಸವೆಯುವ ತಾಮ್ರ, ಉಳಿಯುವ ಹಡಗು

ಚಾಮರಾಜನಗರಕ್ಕೆ ಸಮುದ್ರವಿಲ್ಲ, ಗುಂಡ್ಲುಪೇಟೆಗೂ ಇಲ್ಲ. ಆದರೂ ಚಾಮರಾಜನಗರದ ಕರಿಕಲ್ಲು ಬಂದರು ದಾಟಿ ಹೊರದೇಶಗಳ ಕಟ್ಟಡಗಳಲ್ಲೂ ಗೋರಿಗಳ ಮೇಲೂ ಕೂತಿದೆ. ಗುಂಡ್ಲುಪೇಟೆಯ ಹೊಲಗಳ ಚೆಂಡುಹೂ ಓಣಂ ಹೊತ್ತಿಗೆ ಘಟ್ಟ ಇಳಿದು ಕೇರಳದ ಅಂಗಳ ಸೇರುತ್ತದೆ. ಅದೇ ದಾರಿಯಲ್ಲಿ ಮೀನಿನ ಲಾರಿ ಮೇಲಕ್ಕೆ ಬರುತ್ತದೆ. ಬತ್ತೇರಿ, ಕಲ್ಪೆಟ್ಟ ದಾಟಿ ತಾಮರಶ್ಶೇರಿ ಘಾಟಿ ಇಳಿದರೆ ಸುಮಾರು 150 ಕಿ.ಮೀ.ಗಳಲ್ಲಿ ಕೋಝಿಕ್ಕೋಡಿನ ಕಡಲು ಸಿಗುತ್ತದೆ. ಹೀಗಿರುವಾಗ ಹಡಗಿನ ಕಥೆಯನ್ನು ಕರಾವಳಿಯವರಿಗೇ ಬಿಟ್ಟು ನಾವು ಸುಮ್ಮನಿರಬೇಕಾಗಿಲ್ಲ.

ಈ ಕಥೆಯ ನಾಯಕ ನಮ್ಮ ಅಡುಗೆಮನೆಗಳಿಗೆ ಚೆನ್ನಾಗಿ ಪರಿಚಯವಿರುವ ತಾಮ್ರ. ತಾಮ್ರದ ಬಿಂದಿಗೆಯಲ್ಲಿಟ್ಟ ನೀರು ಕೆಡುವುದಿಲ್ಲ ಎಂದು ನಮ್ಮ ಹಿರಿಯರು ನಂಬಿದ್ದರು. ಅದೇ ತಾಮ್ರದ ಪಾತ್ರೆಯಲ್ಲಿ ಹುಣಸೆಹುಳಿ ಹಾಕಿದ ಸಾರನ್ನು ಮಾತ್ರ ಇಡುತ್ತಿರಲಿಲ್ಲ. ಕಿಲುಬು ಹಿಡಿಯುತ್ತದೆ, ತಿಂದವರಿಗೆ ವಾಂತಿಯಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕಾಗಿಯೇ ಕಲಾಯಿಯವರು ಊರೂರು ಸುತ್ತಿ, ಕುಲುಮೆ ಹೂಡಿ, ನವಸಾಗರ ಉಜ್ಜಿ, ಪಾತ್ರೆಯ ಒಳಮೈಗೆ ತವರ ಬಳಿಯುತ್ತಿದ್ದರು. ಈ ಕಸುಬಿನಲ್ಲಿ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದರು. ತಾಮ್ರ ಕರಗುತ್ತದೆ, ಕರಗಿದ ತಾಮ್ರ ಸಣ್ಣ ಜೀವಿಗಳನ್ನು ಕೊಲ್ಲುತ್ತದೆ, ಹೆಚ್ಚಾದರೆ ಮನುಷ್ಯನನ್ನೂ ಬಿಡುವುದಿಲ್ಲ. ಬಿಂದಿಗೆ ಮತ್ತು ಕಲಾಯಿಯ ನಡುವೆ ಅಡಗಿದ್ದ ಈ ತಿಳಿವಳಿಕೆಯೇ ಹಡಗುಗಳ ಇತಿಹಾಸವನ್ನು ಎರಡೂವರೆ ಶತಮಾನಗಳಿಂದ ನಡೆಸಿಕೊಂಡು ಬಂದಿದೆ.

ಹಡಗಿಗೆ ಬಿರುಗಾಳಿಯೊಂದೇ ಶತ್ರುವಲ್ಲ. ನಿಂತ ನೀರಿನಲ್ಲಿ ಸದ್ದಿಲ್ಲದೆ ಬೆಳೆಯುವ ಜೀವರಾಶಿಯೂ ಶತ್ರುವೇ. ಸಮುದ್ರಕ್ಕೆ ಇಳಿದ ಯಾವುದೇ ವಸ್ತುವಿನ ಮೇಲೆ ಮೊದಲು ಕಣ್ಣಿಗೆ ಕಾಣದ ಲೋಳೆ ಕೂರುತ್ತದೆ. ಆಮೇಲೆ ಪಾಚಿ, ಅದರ ಹಿಂದೆಯೇ ಬಾರ್ನಕಲ್, ಕಪ್ಪೆಚಿಪ್ಪುಗಳು ಬರುತ್ತವೆ. ಬಾರ್ನಕಲ್ ಎಂಬುದು ಸೀಗಡಿಯ ಬಳಗಕ್ಕೆ ಸೇರಿದ ಜೀವಿ. ಮರಿಯಾಗಿದ್ದಾಗ ಈಜುತ್ತಿದ್ದು, ಒಂದು ಜಾಗ ಒಪ್ಪಿಗೆಯಾದ ಮೇಲೆ ತಲೆಯನ್ನು ಅಲ್ಲಿಗೆ ಅಂಟಿಸಿಕೊಂಡು, ಸುತ್ತಲೂ ಸುಣ್ಣದ ಗೂಡು ಕಟ್ಟಿ, ಸಾಯುವವರೆಗೂ ಅಲ್ಲೇ ಇರುತ್ತದೆ. ಮರದ ಹಡಗಿಗೆ ಇದಕ್ಕಿಂತ ಭಯಂಕರವಾದದ್ದು ಹಡಗುಹುಳು. ಹೆಸರು ಹುಳುವಾದರೂ ಇದು ಚಿಪ್ಪುಮೀನಿನ ಸಂಬಂಧಿ. ಹೊರಗೆ ಸೂಜಿಮೊನೆಯಷ್ಟು ತೂತು, ಒಳಗೆ ಜೇನುಗೂಡಿನಂತೆ ಟೊಳ್ಳಾದ ಹಲಗೆ.

ಇದಕ್ಕೆ ಹಳೆಯ ಕಾಲದವರು ಮಾಡುತ್ತಿದ್ದ ಮದ್ದುಗಳು ಸರಳವಾಗಿದ್ದವು. ಅರಬ್ಬಿ ಸಮುದ್ರದ ಮರದ ಹಡಗುಗಳ ತಳಕ್ಕೆ ಸುಣ್ಣ ಮತ್ತು ಕೊಬ್ಬನ್ನು ಕಲಸಿ ಬಳಿಯುತ್ತಿದ್ದರು, ನೀರಿನ ಮೇಲಿನ ಭಾಗಕ್ಕೆ ಮೀನೆಣ್ಣೆ ಹಚ್ಚುತ್ತಿದ್ದರು. ಆಗಾಗ ಹಡಗನ್ನು ದಡಕ್ಕೆ ಎಳೆದು ಮಗ್ಗುಲಿಗೆ ವಾಲಿಸಿ ತಳ ಕೆರೆಯುತ್ತಿದ್ದರು. 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುವಾಗ ವಾಸ್ಕೋ ಡ ಗಾಮ ತನ್ನ ಹಡಗುಗಳನ್ನು ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ಹೀಗೆಯೇ ಶುಚಿಮಾಡಿಕೊಂಡ. ಹಡಗನ್ನು ನದೀಮುಖದ ಸಿಹಿನೀರಿಗೆ ತಂದು ನಿಲ್ಲಿಸುವುದು ಇನ್ನೊಂದು ಉಪಾಯ. ಉಪ್ಪುನೀರಿನ ಜೀವಿಗೆ ಸಿಹಿನೀರೇ ವಿಷ. ಈ ಮದ್ದಿಗೆ ಖರ್ಚೂ ಇಲ್ಲ, ಬೇರೆಯವರಿಗೆ ಹಾನಿಯೂ ಇಲ್ಲ. ಬೇಕಾದದ್ದು ಕಾಯುವ ತಾಳ್ಮೆ ಮಾತ್ರ.

ಯುದ್ಧಕ್ಕೆ ಮತ್ತು ದೂರದ ವ್ಯಾಪಾರಕ್ಕೆ ಇಳಿದ ಸಾಮ್ರಾಜ್ಯಗಳಿಗೆ ಆ ತಾಳ್ಮೆ ಇರಲಿಲ್ಲ. 1761ರಲ್ಲಿ ಬ್ರಿಟಿಷ್ ನೌಕಾಪಡೆ ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿ ವೆಸ್ಟ್ ಇಂಡೀಸ್‌ಗೆ ಕಳುಹಿಸಿತು. ಮರಳಿ ಬಂದಾಗ ಹಡಗುಹುಳು ಮುಟ್ಟಿರಲಿಲ್ಲ, ಬಾರ್ನಕಲ್ ಕೂತಿರಲಿಲ್ಲ. ಆದರೆ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು. ಹೊದಿಸುವಾಗ ಎರಡರ ನಡುವೆ ಕಂದುಕಾಗದ ಉಳಿದುಕೊಂಡಿದ್ದ ಕಡೆ ಮಾತ್ರ ಮೊಳೆ ಗಟ್ಟಿಯಾಗಿತ್ತು. ಉಪ್ಪುನೀರಿನಲ್ಲಿ ಎರಡು ಲೋಹಗಳು ಒಂದಕ್ಕೊಂದು ತಾಗಿದರೆ ಅವುಗಳಲ್ಲಿ ಒಂದು ಇನ್ನೊಂದರ ಪಾಲಿನ ಸವೆತವನ್ನೂ ಹೊರುತ್ತದೆ. ಬ್ರಿಟಿಷರು ಮೊಳೆಗಳನ್ನೇ ತಾಮ್ರದ ಮಿಶ್ರಲೋಹಕ್ಕೆ ಬದಲಿಸಿಕೊಂಡು 1780ರ ದಶಕದ ಹೊತ್ತಿಗೆ ತಮ್ಮ ಇಡೀ ನೌಕಾಪಡೆಗೆ ತಾಮ್ರದ ಅಂಗಿ ತೊಡಿಸಿದರು.

ಇದರ ಬಿಸಿ ಮೈಸೂರಿಗೂ ತಟ್ಟಿತು. ಹೈದರಾಲಿ ಕಟ್ಟಿಸಿದ್ದ ಹಡಗುಗಳನ್ನು 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸ್ ಮಂಗಳೂರಿನಲ್ಲೇ ನಾಶಮಾಡಿದ. 1782ರಲ್ಲಿ ಹೈದರನನ್ನು ಕಡಲೂರಿನಲ್ಲಿ ಭೇಟಿಯಾದ ಫ್ರೆಂಚ್ ನೌಕಾಧಿಪತಿ ಸಫ್ರೆನ್‌ನ ಕಷ್ಟವೂ ತಾಮ್ರದ್ದೇ. ಅವನ ಹಡಗುಗಳಲ್ಲಿ ಕೆಲವಕ್ಕೆ ತಾಮ್ರವಿತ್ತು, ಕೆಲವಕ್ಕೆ ಇರಲಿಲ್ಲ. ಪಾಚಿ ಹೊತ್ತ ಹಡಗು ಹಿಂದೆ ಬೀಳುತ್ತಿತ್ತು, ಶುಚಿಯಾದದ್ದು ಮುಂದೆ ಓಡುತ್ತಿತ್ತು. ಟಿಪ್ಪು ತನ್ನ ಹಡಗುಗಳಿಗೆ ತಾಮ್ರದ ತಳ ಇರಬೇಕೆಂದು ಆಜ್ಞಾಪಿಸಿದನೆಂದು, ಆ ಆಲೋಚನೆ ಸಫ್ರೆನ್‌ನಿಂದ ಬಂದದ್ದೆಂದು ಅವನ ನೌಕಾಪಡೆಯ ಬಗ್ಗೆ ಬರೆದವರು ಹೇಳುತ್ತಾರೆ. 1796ರ ಅವನ ನೌಕಾ ನಿಬಂಧನೆಗಳನ್ನು ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ್ದಾನೆ. ಸುಮಾರು 40 ಹಡಗುಗಳ ಯೋಜನೆ ಅದು. ಕೆಲಸ ನಡೆಯಬೇಕಾಗಿದ್ದ ಜಾಗಗಳು ಮೂರು: ಮಂಗಳೂರು, ಮಿರ್ಜಾನ್, ಸದಾಶಿವಗಡ. ಮೂರೂ ನದೀಮುಖಗಳು ಎಂಬುದನ್ನು ಗಮನಿಸಬೇಕು. ನೇತ್ರಾವತಿ, ಅಘನಾಶಿನಿ, ಕಾಳಿ ನದಿಗಳು ಮಳೆಗಾಲದಲ್ಲಿ ತುಂಬಿ ಬಂದಾಗ ಅಲ್ಲಿನ ಉಪ್ಪು ತೊಳೆದುಹೋಗುತ್ತದೆ. ಹಳೆಯ ಸಿಹಿನೀರಿನ ಮದ್ದೂ ಹೊಸ ತಾಮ್ರದ ಮದ್ದೂ ಒಂದೇ ಜಾಗದಲ್ಲಿ ಕೂಡುವುದಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಯೋಜನೆ ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು.

ಮಲಬಾರಿನ ತೇಗ 1792ರಲ್ಲೇ ಟಿಪ್ಪುವಿನ ಕೈತಪ್ಪಿ ಬ್ರಿಟಿಷರ ಕೈಸೇರಿತ್ತು. ನಮ್ಮ ಬಂಡೀಪುರದ ಕಾಡಿನ ನೀರು ಕಬಿನಿ, ಮೋಯಾರ್‌ಗಳ ಮೂಲಕ ಪೂರ್ವಕ್ಕೆ ಹರಿದು ಕಾವೇರಿ ಸೇರುತ್ತದೆ. ಘಟ್ಟದ ಆಚೆಯ ಇಳಿಜಾರಿನ ಮರಕ್ಕೆ ಮಾತ್ರ ಚಾಲಿಯಾರ್‌ನಂಥ ಹೊಳೆಗಳಲ್ಲಿ ತೇಲಿ ಕಡಲಿಗೆ ಹೋಗುವ ದಾರಿಯಿತ್ತು. ಆ ಕಾಡು ಎಷ್ಟು ಬೇಗ ಬರಿದಾಯಿತೆಂದರೆ 1840ರ ದಶಕದಲ್ಲಿ ಕಲೆಕ್ಟರ್ ಕೊನೊಲಿ ನೀಲಂಬೂರಿನಲ್ಲಿ ತೇಗದ ತೋಪನ್ನೇ ನೆಡಿಸಬೇಕಾಯಿತು.

ಹಾಗೆ ಕೊಚ್ಚಿಯಲ್ಲಿ ಕಟ್ಟಿ 1822ರಲ್ಲಿ ನೀರಿಗಿಳಿಸಿದ ಒಂದು ಯುದ್ಧನೌಕೆಯ ಹೆಸರು ‘ಸಮರಾಂಗ್’. ಆಗ ಬ್ರಿಟಿಷ್ ನೌಕಾಪಡೆಗೆ ಹೊಸ ಚಿಂತೆ ಹತ್ತಿತ್ತು: ದುಬಾರಿ ತಾಮ್ರ ಸವೆದುಹೋಗುತ್ತಿದೆ, ಅದನ್ನು ಉಳಿಸುವುದು ಹೇಗೆ? ವಿಜ್ಞಾನಿ ಹಂಫ್ರಿ ಡೇವಿ ಉತ್ತರ ಹುಡುಕಿದ. ತಾಮ್ರಕ್ಕೆ ಕಬ್ಬಿಣದ ಅಥವಾ ಸತುವಿನ ತುಂಡೊಂದನ್ನು ತಾಗಿಸಿದರೆ ಆ ತುಂಡು ಸವೆಯುತ್ತದೆ, ತಾಮ್ರ ಉಳಿಯುತ್ತದೆ. 1824ರಲ್ಲಿ ಸಮರಾಂಗ್‌ಗೆ ಕಬ್ಬಿಣದ ತುಂಡುಗಳನ್ನು ಅಳವಡಿಸಿದರು. ಲೆಕ್ಕಾಚಾರ ಸರಿಯಾಗಿತ್ತು, ತಾಮ್ರ ಸವೆಯುವುದು ನಿಂತಿತು. ಆದರೆ ಹಡಗಿನ ತಳದ ತುಂಬ ಪಾಚಿಯೂ ಬಾರ್ನಕಲ್ಲೂ ಬೆಳೆದವು! 1825ರಲ್ಲಿ ನೌಕಾಪಡೆ ಈ ವ್ಯವಸ್ಥೆಯನ್ನು ಕೈಬಿಟ್ಟಿತು.

ಡೇವಿಯ ಈ ಸೋಲು ಅವನ ಅನೇಕ ಗೆಲುವುಗಳಿಗಿಂತ ಹೆಚ್ಚಿನದನ್ನು ಕಲಿಸುತ್ತದೆ. ತಾಮ್ರ ಹಡಗನ್ನು ಕಾಯುವುದು ಗಟ್ಟಿಯಾಗಿರುವುದರಿಂದಲ್ಲ, ಸವೆಯುವುದರಿಂದ. ಸವೆತ ನಿಂತರೆ ಕಾವಲೂ ನಿಲ್ಲುತ್ತದೆ. ಹಾಗಾದರೆ ಸವೆದದ್ದು ಎಲ್ಲಿಗೆ ಹೋಗುತ್ತದೆ? ಆಗ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಸಮುದ್ರ ದೊಡ್ಡದು ಎಂಬ ಧೈರ್ಯ ಎಲ್ಲರಿಗೂ ಇತ್ತು.

ಕಬ್ಬಿಣದ ಹಡಗುಗಳು ಬಂದ ಮೇಲೆ ತಾಮ್ರದ ತಗಡನ್ನು ನೇರವಾಗಿ ಹೊದಿಸುವಂತಿರಲಿಲ್ಲ. ಅಲಾರ್ಮ್ ಹಡಗಿನ ಮೊಳೆಗಳಿಗೆ ಆದ ಗತಿಯೇ ಇಡೀ ಹಡಗಿಗೂ ಆಗುತ್ತಿತ್ತು. ಆದ್ದರಿಂದ ತಾಮ್ರವನ್ನು ಬಣ್ಣದಲ್ಲಿ ಬೆರೆಸಿದರು. ಮರ ಬಳಸುವ ಸಣ್ಣ ದೋಣಿಗಳಿಗೆ ನೆರವಾದದ್ದು ಭಾರತೀಯ ವಿಜ್ಞಾನಿ ಸೊಂಟಿ ಕಾಮೇಶನ್. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಮಿಶ್ರಣದಿಂದ ಮರವನ್ನು ಉಳಿಸುವ ಮದ್ದನ್ನು ಅವರು ರೂಪಿಸಿದರು. ಅದು ಜಗತ್ತಿನಾದ್ಯಂತ ಹಬ್ಬಿತು. ಆರ್ಸೆನಿಕ್‌ನ ಭಯದಿಂದ 2003ರ ಕೊನೆಗೆ ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದು ನಿಂತಿತು.

ಸಮುದ್ರ ದೊಡ್ಡದು ಎಂಬ ಧೈರ್ಯವನ್ನು ಮುರಿದದ್ದು ಟಿಬಿಟಿ ಎಂಬ ತವರದ ಸಂಯುಕ್ತ. ಕಲಾಯಿಯ ತವರ ಸಾಧು, ಈ ಸಂಯುಕ್ತ ಹಾಗಲ್ಲ. 1960ರ ದಶಕದಿಂದ ಹಡಗುಬಣ್ಣಗಳಲ್ಲಿ ಸೇರಿದ ಇದು ಬಾರ್ನಕಲ್ಲನ್ನು ಅದ್ಭುತವಾಗಿ ತಡೆಯಿತು. ಫ್ರಾನ್ಸಿನ ಆರ್ಕಷೋನ್ ಕೊಲ್ಲಿಯಲ್ಲಿ 1970ರ ದಶಕದಲ್ಲಿ ಸಿಂಪಿ ಸಾಕುವವರ ಬದುಕು ನೆಲಕಚ್ಚಿತು: ಮರಿ ಹುಟ್ಟಲಿಲ್ಲ, ಚಿಪ್ಪು ವಿಕಾರವಾಯಿತು. ಬೇರೆ ಕಡೆಗಳಲ್ಲಿ ಹೆಣ್ಣು ಶಂಖದಹುಳುಗಳಿಗೆ ಗಂಡಿನ ಅಂಗ ಬೆಳೆದದ್ದು ಕಂಡಿತು. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. ಅಂತಾರಾಷ್ಟ್ರೀಯ ಒಪ್ಪಂದ ಆದದ್ದು 2001ರಲ್ಲಿ, ಜಾರಿಗೆ ಬಂದದ್ದು 2008ರಲ್ಲಿ. ದೋಣಿಯ ಮಾಲೀಕನ ಸುಖಕ್ಕೆ ಸಿಂಪಿಯವನು ಬೆಲೆ ತೆತ್ತ ಎಂದು ಜಗತ್ತು ಒಪ್ಪಿಕೊಳ್ಳಲು ಮೂವತ್ತು ವರ್ಷ ಹಿಡಿಯಿತು.

ಎಂಜಿನ್ ಬಂದ ಮೇಲೆ ಈ ಜಗಳ ಹಡಗಿನ ಹೊರಮೈಯಿಂದ ಹೊಟ್ಟೆಯೊಳಕ್ಕೂ ಬಂತು. ಎಂಜಿನ್ನನ್ನು ತಂಪಾಗಿಸಲು ಸಮುದ್ರದ ನೀರನ್ನು ತಳದ ತೂತಿನಿಂದ ಎಳೆದುಕೊಂಡು, ಜರಡಿ ದಾಟಿಸಿ, ಕೊಳವೆಗಳಲ್ಲಿ ಸುತ್ತಿಸಿ ಹೊರಬಿಡುತ್ತಾರೆ. ಈ ಕೊಳವೆ ಬಾರ್ನಕಲ್‌ಗೆ ಸ್ವರ್ಗ. ಕತ್ತಲಿದೆ, ಆಹಾರ ತಾನಾಗಿ ಹರಿದು ಬರುತ್ತದೆ, ತಿನ್ನುವ ಮೀನಿಲ್ಲ. ಹೊರಮೈಯನ್ನು ಮಳೆಗಾಲದ ಮೀನುಗಾರಿಕೆ ರಜೆಯಲ್ಲಿ, ಜೂನ್ ಮತ್ತು ಜುಲೈಯಲ್ಲಿ, ಮಲ್ಪೆ ಮಂಗಳೂರುಗಳ ದಡದಲ್ಲಿ ಕೆರೆದು ಬಣ್ಣ ಬಳಿಯಬಹುದು. ಕೊಳವೆಯ ಒಳಗೆ ಕೈ ಹೋಗುವುದಿಲ್ಲ. ನೀರು ಕಡಿಮೆಯಾದದ್ದು ತಿಳಿಯುವ ಹೊತ್ತಿಗೆ ನಡುಗಡಲಿನಲ್ಲಿ ಎಂಜಿನ್ ಕಾದು ನಿಂತಿರುತ್ತದೆ. ಆಗ ಅಪಾಯದಲ್ಲಿರುವುದು ದೋಣಿಯೊಳಗಿನ ಜೀವಗಳು.

ಆಯ್ಕೆಗಳು ಹಲವು. ಒಂದು, ತಾಮ್ರದ ದಂಡಕ್ಕೆ ಸಣ್ಣ ವಿದ್ಯುತ್ ಹರಿಸಿ ಲೆಕ್ಕ ಹಾಕಿ ಕರಗಿಸುವುದು. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ತಾಮ್ರವಿದ್ದರೆ ಮರಿಗಳು ಕೂರುವುದಿಲ್ಲ. ಉಕ್ಕಿನ ಕೊಳವೆಯಾದರೆ ಜೊತೆಗೆ ಅಲ್ಯೂಮಿನಿಯಂ ದಂಡ, ತಾಮ್ರ-ನಿಕಲ್ ಕೊಳವೆಯಾದರೆ ಮೆದುಕಬ್ಬಿಣದ ದಂಡ ಹಾಕಿ ಕೊಳವೆಗೆ ತುಕ್ಕಿನಿಂದಲೂ ರಕ್ಷಣೆ ಕೊಡುತ್ತಾರೆ. ಡೇವಿ ತಡೆಯಹೊರಟ ಸವೆತವನ್ನು ಇಲ್ಲಿ ಬೇಕೆಂದೇ ನಡೆಸುತ್ತಾರೆ. ಅಲ್ಯೂಮಿನಿಯಂ ದೋಣಿಗೆ ಮಾತ್ರ ಇದು ಸಲ್ಲದು, ಕರಗಿದ ತಾಮ್ರ ದೋಣಿಯನ್ನೇ ತಿನ್ನುತ್ತದೆ. ಎರಡು, ಸಮುದ್ರದ ಉಪ್ಪಿನಿಂದಲೇ ವಿದ್ಯುತ್ತಿನ ಮೂಲಕ ಕ್ಲೋರಿನ್ ಮದ್ದು ತಯಾರಿಸುವುದು. ದೊಡ್ಡ ಹಡಗಿಗೆ ಇದು ಒಳ್ಳೆಯದು. ಆದರೆ ನದೀಮುಖದಲ್ಲಿ ಮಳೆಗಾಲಕ್ಕೆ ಉಪ್ಪು ಇಳಿದಾಗ ಮದ್ದೂ ಇಳಿಯುತ್ತದೆ, ಹೊರಬಿಟ್ಟ ಕ್ಲೋರಿನ್ ಸಮುದ್ರದಲ್ಲಿ ಬ್ರೋಮೋಫಾರ್ಮ್‌ನಂಥ ವಸ್ತುಗಳನ್ನು ಹುಟ್ಟಿಸುತ್ತದೆ. ಮೂರು, ಕಿವಿಗೆ ಕೇಳದ ಶಬ್ದದಿಂದ ಕೊಳವೆಯನ್ನು ನಡುಗಿಸುವುದು. ಇದರಲ್ಲಿ ವಿಷವಿಲ್ಲ, ಆದರೆ ಫಲ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ನಾಲ್ಕು, ಕೊಳವೆಯನ್ನೇ ತಾಮ್ರ-ನಿಕಲ್‌ನಲ್ಲಿ ಮಾಡಿಸುವುದು. ಐದು, ಎಂಜಿನ್ನಿನ ಸಿಹಿನೀರನ್ನು ದೋಣಿಯ ತಳದ ಹೊರಗಿನ ಕೊಳವೆಗಳಲ್ಲಿ ಸುತ್ತಿಸಿ ತಂಪಾಗಿಸಿ, ಸಮುದ್ರದ ನೀರನ್ನು ಒಳಗೆ ತರದೆಯೇ ಇರುವುದು. ನಿಂತಿರುವ ದಿನಗಳಲ್ಲಿ ಕೊಳವೆಗೆ ಸಿಹಿನೀರು ತುಂಬಿಡುವುದೂ ಇದೇ ಬಗೆಯದು, ಹಳೆಯವರ ಮದ್ದೇ.

ಹಾಗೆಂದು ‘ಯಾವ ವಿಷವೂ ಬೇಡ, ಬೆಳೆಯುವುದು ಬೆಳೆಯಲಿ’ ಎಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಹಡಗಿಗೆ ಅಂಟಿದ ಜೀವಿ ಹಡಗಿನೊಂದಿಗೇ ದೇಶ ದಾಟುತ್ತದೆ. ಅಮೆರಿಕ ಖಂಡದ ಮೂಲದ ಮೈಟೆಲ್ಲಾ ಎಂಬ ಕಪ್ಪೆಚಿಪ್ಪು ಕೇರಳದ ಅಷ್ಟಮುಡಿ, ಕೊಚ್ಚಿಗಳ ಹಿನ್ನೀರಿಗೆ ಬಂದು ಸ್ಥಳೀಯ ಚಿಪ್ಪುಗಳ ಜಾಗ ಹಿಡಿದಿದೆ. ಅದು ಹಡಗುಗಳ ಮೂಲಕ ಬಂದಿರಬೇಕೆಂದು ವಿಜ್ಞಾನಿಗಳು ಅಂದಾಜಿಸುತ್ತಾರೆ. ಅದಕ್ಕೇ ಅಂತಾರಾಷ್ಟ್ರೀಯ ಕಡಲ ಸಂಸ್ಥೆ 2011ರಲ್ಲಿ ಈ ಬೆಳವಣಿಗೆಯ ನಿಯಂತ್ರಣಕ್ಕೆ ಮಾರ್ಗಸೂಚಿ ಹೊರಡಿಸಿ 2023ರಲ್ಲಿ ಅದನ್ನು ಪರಿಷ್ಕರಿಸಿತು. ಕೊಲ್ಲುವುದರಲ್ಲೂ ಪಾಪವಿದೆ, ಬಿಡುವುದರಲ್ಲೂ ಇದೆ. ಹದ ಹುಡುಕುವುದೇ ಕೆಲಸ.

ಟಿಪ್ಪು ಹಡಗು ಕಟ್ಟಿಸಬೇಕೆಂದಿದ್ದ ಮಿರ್ಜಾನಿನ ಅಘನಾಶಿನಿಯಲ್ಲಿ ಇಂದು ಸಾವಿರಾರು ಜನ, ಅವರಲ್ಲಿ ಬಹಳಷ್ಟು ಹೆಂಗಸರು, ಇಳಿತದ ಹೊತ್ತಿಗೆ ನೀರಿಗಿಳಿದು ಚಿಪ್ಪಿ ಆರಿಸಿ ಬದುಕುತ್ತಾರೆ. 2024ರಲ್ಲಿ ಆ ನದೀಮುಖಕ್ಕೆ ರಾಮ್ಸರ್ ಮಾನ್ಯತೆಯೂ ಸಿಕ್ಕಿತು. ಕೊಳವೆಯಲ್ಲಿ ಬಾರ್ನಕಲ್ಲನ್ನು ಕೊಲ್ಲುವ ಮದ್ದಿಗೆ ಆ ಚಿಪ್ಪಿ ಬೇರೆ, ಈ ಚಿಪ್ಪಿ ಬೇರೆ ಎಂಬ ವಿವೇಕವಿಲ್ಲ. ಆ ವಿವೇಕ ಮದ್ದನ್ನು ಆರಿಸುವವನಿಗೆ ಇರಬೇಕು. ದೋಣಿ ಯಾವ ಲೋಹದ್ದು, ಎಷ್ಟು ದಿನ ನಿಂತಿರುತ್ತದೆ, ನೀರು ಎಷ್ಟು ಉಪ್ಪು ಎಂದು ವ್ಯಾಪಾರಿ ಕೇಳುತ್ತಾನೆ. ಹೊರಬಿಟ್ಟ ನೀರು ಯಾರ ಬುಟ್ಟಿಗೆ ಹೋಗುತ್ತದೆ ಎಂದು ಅವನು ಕೇಳುವುದಿಲ್ಲ. ಅದನ್ನು ಕೊಳ್ಳುವವನೇ ಕೇಳಿಕೊಳ್ಳಬೇಕು. ತೆರೆದ ಕಡಲಿನಲ್ಲಿ ಅಳೆದು ಬಿಟ್ಟ ತಾಮ್ರ ಸಾಕು. ಚಿಪ್ಪಿಯ ನದೀಮುಖದಲ್ಲಿ ತಂಗುವ ದೋಣಿಗೆ ಸಮುದ್ರದ ನೀರನ್ನು ಒಳಗೇ ತರದ ಏರ್ಪಾಡು, ಸಿಹಿನೀರು, ವರ್ಷಕ್ಕೊಮ್ಮೆ ಕೈಯಿಂದ ಕೆರೆಯುವ ದುಡಿಮೆ ಮೇಲು. ಕಾಯುವುದಾದರೆ ಏನೋ ಒಂದು ಸವೆಯಲೇಬೇಕು. ಆದರೆ ಆ ಸವೆತ ದೋಣಿಯವನ ಜೇಬಿನದಾಗಲಿ, ಚಿಪ್ಪಿ ಆರಿಸುವವಳ ಅನ್ನದ್ದಾಗಬಾರದು.