ಪಾತ್ರೆಯೊಳಗೆ ಏನಿದೆ? ಸಾರನಾಥದ ಒಂದು ಸಾರು, ನಮ್ಮ ಮನೆಯ ಸ್ಲೋ ಕುಕ್ಕರ್

ಚಳಿ ಶುರುವಾದ್ರೆ ಸಾಕು, ಇಲ್ಲಿ ಶಿಕಾಗೋ ಸುತ್ತಮುತ್ತ ನಮ್ಮವರ ಎಷ್ಟೋ ಮನೆಗಳಲ್ಲಿ ಸ್ಲೋ ಕುಕ್ಕರ್ ಕಪಾಟಿನಿಂದ ಕೆಳಗಿಳಿಯುತ್ತೆ. ಬೆಳಗ್ಗೆ ಸ್ಟ್ಯಾಂಡಪ್ ಕಾಲ್‌ಗೆ ಮುಂಚೆ ದನದ ಮಾಂಸ, ಆಲೂಗಡ್ಡೆ, ಈರುಳ್ಳಿ ಹಾಕಿ ಸ್ವಿಚ್ ಒತ್ತಿದರೆ ಸಂಜೆ ಲ್ಯಾಪ್‌ಟಾಪ್ ಮುಚ್ಚುವ ಹೊತ್ತಿಗೆ ಊಟ ರೆಡಿ. ಇದನ್ನ ಅಪ್ಪಟ ಅಮೆರಿಕದ ಊಟ ಅಂತಲೇ ಬಹಳ ಜನ ತಿಳಿದಿದ್ದಾರೆ. ಆದರೆ ಈ ಪಾತ್ರೆಯ ಇತಿಹಾಸವನ್ನ ನಾನು ಇವತ್ತು ಶಿಕಾಗೋದಿಂದ ಶುರು ಮಾಡಲ್ಲ, ಸಾರನಾಥದಿಂದ ಶುರು ಮಾಡ್ತೀನಿ.

ನಾನು ಎಂ.ಟೆಕ್ ಮಾಡಿದ್ದು ಬನಾರಸ್‌ನಲ್ಲಿ. ಅಲ್ಲಿಂದ ಸಾರನಾಥ ಹತ್ತಿರ, ಭಾನುವಾರ ಆಟೋ ಹಿಡಿದು ಹೋಗ್ತಿದ್ವಿ. ಹೋದವರೆಲ್ಲ ನೋಡೋದು ಧಮೇಕ ಸ್ತೂಪ, ಮ್ಯೂಸಿಯಂನಲ್ಲಿರೋ ನಾಲ್ಕು ಸಿಂಹ. ಗೈಡ್‌ಗಳು ಹೇಳೋದು ಬುದ್ಧನ ಮೊದಲ ಉಪದೇಶದ ಕಥೆ. ಇದೇ ಜಾಗದ ಇನ್ನೊಂದು ಕಥೆ ವಿನಯಪಿಟಕದ ಮಹಾವಗ್ಗದಲ್ಲಿದೆ. ಅದು ಅಡುಗೆಮನೆಯ ಕಥೆ, ಯಾವ ಗೈಡೂ ಹೇಳಿದ್ದು ನಾನು ಕೇಳಿಲ್ಲ.

ಬುದ್ಧ ಇಸಿಪತನದ ಜಿಂಕೆ ವನದಲ್ಲಿ, ಅಂದರೆ ಇವತ್ತಿನ ಸಾರನಾಥದಲ್ಲಿ, ತಂಗಿದ್ದಾನೆ. ಬನಾರಸ್‌ನಲ್ಲಿ ಸುಪ್ಪಿಯಾ ಅಂತ ಒಬ್ಬ ಗೃಹಿಣಿ. ಆಕೆ ವಿಹಾರಕ್ಕೆ ಬಂದು ಒಂದೊಂದು ಕೋಣೆಯ ಮುಂದೂ ನಿಂತು, ಯಾರಿಗೆ ಹುಷಾರಿಲ್ಲ, ಯಾರಿಗೆ ಏನು ಬೇಕು ಅಂತ ವಿಚಾರಿಸ್ತಾಳೆ. ಭೇದಿಗೆ ಔಷಧ ಕುಡಿದು ನಿತ್ರಾಣವಾಗಿದ್ದ ಒಬ್ಬ ಭಿಕ್ಷು ಮಾಂಸದ ಸಾರು ಬೇಕು ಅಂತಾನೆ. ಆಯ್ತು, ಕಳಿಸ್ತೀನಿ ಅಂತ ಮಾತು ಕೊಟ್ಟು ಮನೆಗೆ ಬರ್ತಾಳೆ. ಆಳನ್ನ ಕರೆದು, ಹೋಗಿ ಮಾಂಸ ಸಿಗುತ್ತಾ ನೋಡು ಅಂತ ಕಳಿಸ್ತಾಳೆ. ಅಲ್ಲಿ ಬಳಸಿರೋ ಪಾಳಿ ಪದ ‘ಪವತ್ತಮಾಂಸ’. ಆಗಲೇ ಮಾರಾಟಕ್ಕೆ ಇರೋ ಮಾಂಸ ಅಂತ ಅರ್ಥ. ಇದಕ್ಕೋಸ್ಕರ ಹೊಸದಾಗಿ ಕೊಯ್ಯಿಸಬಾರದು ಅನ್ನೋ ಎಚ್ಚರ ಆಕೆಗಿದೆ.

ಆಳು ಬನಾರಸ್ ಪೂರ್ತಿ ತಿರುಗಿ ಬರಿಗೈಲಿ ಬರ್ತಾನೆ. ಮಾಂಸ ಇಲ್ಲಮ್ಮ, ಇವತ್ತು ‘ಮಾಘಾತ’ ಅಂತಾನೆ. ಮಾಘಾತ ಅಂದ್ರೆ ‘ಕೊಲ್ಲಬೇಡಿ’, ಅಂದರೆ ಪ್ರಾಣಿವಧೆ ನಿಷೇಧದ ದಿನ. ಬೆಂಗಳೂರಿನಲ್ಲಿದ್ದವರಿಗೆ ಇದು ತಕ್ಷಣ ಗೊತ್ತಾಗುತ್ತೆ. ಗಾಂಧಿ ಜಯಂತಿ, ಮಹಾವೀರ ಜಯಂತಿಗೆ ಪಾಲಿಕೆ ಆದೇಶ ಹೊರಡಿಸಿ ಮಾಂಸದಂಗಡಿ ಬಾಗಿಲು ಹಾಕಿಸುತ್ತಲ್ಲ, ಅದೇ.

ಮುಂದಿನದು ಭಯಂಕರ. ಕೊಟ್ಟ ಮಾತು ತಪ್ಪಿದರೆ ರೋಗಿಗೆ ಏನಾಗುತ್ತೋ ಅನ್ನೋ ಚಿಂತೆಯಲ್ಲಿ ಸುಪ್ಪಿಯಾ ಚಾಕು ತಗೊಂಡು ತನ್ನ ತೊಡೆಯ ಮಾಂಸವನ್ನೇ ಕೊಯ್ದು ದಾಸಿಯ ಕೈಗೆ ಕೊಡ್ತಾಳೆ. ಇದನ್ನ ಬೇಯಿಸಿ ಆ ಭಿಕ್ಷುವಿಗೆ ಕೊಡು, ನಾನೆಲ್ಲಿ ಅಂತ ಯಾರಾದರೂ ಕೇಳಿದರೆ ಹುಷಾರಿಲ್ಲ ಅನ್ನು ಅಂತಾಳೆ. ಭಿಕ್ಷು ಸಾರು ಕುಡೀತಾನೆ. ಮಾರನೇ ದಿನ ಬುದ್ಧ ಅವರ ಮನೆಗೆ ಊಟಕ್ಕೆ ಬರ್ತಾನೆ, ವಿಷಯ ತಿಳಿಯುತ್ತೆ, ಆತನನ್ನ ಕಂಡ ಕೂಡಲೆ ಆಕೆಯ ಗಾಯ ಮಾಯುತ್ತೆ. ಪವಾಡದ ಭಾಗ ಬೇಕಾದರೆ ಬಿಡಿ. ವಾಪಸ್ ಹೋಗಿ ಬುದ್ಧ ಭಿಕ್ಷುಗಳನ್ನ ಸೇರಿಸಿ ಕೇಳೋ ಪ್ರಶ್ನೆ ನೋಡಿ. ಮಾಂಸ ತರಿಸಿಕೊಂಡವರು ಯಾರು? ತಿಂದೆಯಾ? ಅದು ಏನು ಅಂತ ವಿಚಾರಿಸಿದೆಯಾ? ಇಲ್ಲ ಅನ್ನೋ ಉತ್ತರ ಬಂದ ಮೇಲೆ ಎರಡು ನಿಯಮ ಆಗುತ್ತೆ. ನರಮಾಂಸ ತಿನ್ನಬಾರದು. ಯಾವ ಮಾಂಸವನ್ನಾದರೂ ವಿಚಾರಿಸದೆ ತಿನ್ನಬಾರದು.

ಈ ಎರಡನೇ ನಿಯಮದ ಮೇಲೆ ನನಗೆ ಕಣ್ಣು. ಪಾತ್ರೆಯಲ್ಲಿ ಏನಿದೆ ಅಂತ ಕೇಳೋ ಹೊಣೆ ಉಣ್ಣುವವನದು, ಯಾಕಂದ್ರೆ ಅವನಿಗೋಸ್ಕರ ಇನ್ನೊಬ್ಬರ ಮೈಗೆ ಏನಾಯ್ತು ಅಂತ ಅವನಿಗೆ ಗೊತ್ತಿರಬೇಕು. ಕಥೆ ನಡೆದದ್ದೋ ಕಟ್ಟಿದ್ದೋ, ಆ ಕಾಲದವರು ಅಡುಗೆಯ ಬಗ್ಗೆ ಹೀಗೆ ಯೋಚಿಸಿದ್ದರು ಅನ್ನೋದಕ್ಕೆ ಇದು ಸಾಕ್ಷಿ.

ಅದೇ ಅಧ್ಯಾಯದಲ್ಲಿ ನಿಷಿದ್ಧ ಮಾಂಸಗಳ ಪಟ್ಟಿ ಹತ್ತಕ್ಕೆ ಬೆಳೆಯುತ್ತೆ. ಮನುಷ್ಯ, ಆನೆ, ಕುದುರೆ, ನಾಯಿ, ಹಾವು, ಸಿಂಹ, ಹುಲಿ, ಚಿರತೆ, ಕರಡಿ, ಕತ್ತೆಕಿರುಬ. ಕಾರಣಗಳು ಬಹಳ ವ್ಯಾವಹಾರಿಕ: ಆನೆ, ಕುದುರೆ ರಾಜನ ಸೊತ್ತು; ನಾಯಿ ತಿಂದರೆ ಜನ ಅಸಹ್ಯಪಡ್ತಾರೆ; ಹುಲಿ ಮಾಂಸ ತಿಂದವನ ಮೈವಾಸನೆ ಹಿಡಿದು ಕಾಡಲ್ಲಿ ಹುಲಿ ಮೇಲೆ ಬೀಳುತ್ತೆ. ಹಸು ಈ ಪಟ್ಟಿಯಲ್ಲಿಲ್ಲ. ಅದರಿಂದ ಎಲ್ಲರೂ ದಿನಾ ಗೋಮಾಂಸ ತಿಂತಿದ್ರು ಅಂತ ಹಾರಬೇಡಿ, ತಿಂತಾನೇ ಇರಲಿಲ್ಲ ಅಂತಾನೂ ಹಾರಬೇಡಿ. ಪಟ್ಟಿ ಹೇಳೋದು ಇಷ್ಟೇ: ಆವತ್ತು ಜಗಳ ಬೇರೆ ಕಡೆ ಇತ್ತು.

ಇನ್ನು ಆಲೂಗಡ್ಡೆ. ಸುಪ್ಪಿಯಾಳ ಬನಾರಸ್‌ನಲ್ಲಿ ಅದು ಇರೋಕೆ ಸಾಧ್ಯವೇ ಇಲ್ಲ. ಆ ಗೆಡ್ಡೆ ಆಗ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲಿತ್ತು. ಸಂಸ್ಕೃತದ ‘ಆಲು’, ‘ಆಲುಕ’ ಅನ್ನೋದು ನಮ್ಮ ಹಳೆಯ ಗೆಡ್ಡೆ-ಗೆಣಸಿನ ಹೆಸರು. ಹೊಸ ಗೆಡ್ಡೆ ಬಂದಾಗ ಹಳೆ ಹೆಸರು ಅದರ ತಲೆಗೆ ಬಿತ್ತು. ನಮ್ಮಲ್ಲೇ ನೋಡಿ. ಧಾರವಾಡದವರು ‘ಬಟಾಟಿ’ ಅಂದಾಗ, ಮಂಗಳೂರಿನವರು ‘ಬಟಾಟೆ’ ಅಂದಾಗ ಬಾಯಲ್ಲಿ ಬರ್ತಿರೋದು ಪೋರ್ಚುಗೀಸ್. ಕೋಲಾರದವರದು ‘ಉರ್ಲಗಡ್ಡೆ’. ನಾನು ಹಾಸನದವನು, ನಮ್ಮದು ಆಲೂಗಡ್ಡೆಯ ಸೀಮೆ. ಮುಂಗಾರು ನಂಬಿಕೊಂಡು ಬಿತ್ತುವ ಈ ಬೆಳೆ ಅನಾದಿಯಿಂದ ಇದೆ ಅನ್ನೋ ಹಾಗೆ ಮಾತಾಡ್ತೀವಿ.

ಇದನ್ನ ಹರಡೋದಕ್ಕೆ ಸರ್ಕಾರಿ ಕೈಯೂ ಇತ್ತು. 1774ರಲ್ಲಿ ಗವರ್ನರ್ ಜನರಲ್ ವಾರೆನ್ ಹೇಸ್ಟಿಂಗ್ಸ್, ಜಾರ್ಜ್ ಬೋಗಲ್ ಅನ್ನೋ ತನ್ನ ದೂತನನ್ನ ಭೂತಾನ್ ದಾಟಿ ಟಿಬೆಟ್‌ಗೆ ಕಳಿಸಿದಾಗ, ತಂಗಿದ ಕಡೆಯೆಲ್ಲ ಆಲೂಗಡ್ಡೆ ನೆಡು ಅಂತ ಹೇಳಿ ಕಳಿಸಿದ್ದ. ಅದೇ ಹೇಸ್ಟಿಂಗ್ಸ್ 1781ರಲ್ಲಿ ಬನಾರಸ್‌ಗೆ ಬಂದು, ಹಣಕ್ಕೆ ಪೀಡಿಸಿ ರಾಜ ಚೇತ್ ಸಿಂಗ್‌ನನ್ನ ಬಂಧಿಸೋಕೆ ಹೋಗಿ, ಊರು ತಿರುಗಿ ಬಿದ್ದು ಚುನಾರ್ ಕೋಟೆಗೆ ಓಡಬೇಕಾಯ್ತು. ಒಂದು ಕೈಲಿ ಗೆಡ್ಡೆ, ಇನ್ನೊಂದು ಕೈಲಿ ಕಂದಾಯದ ಲೆಕ್ಕ. ಇವತ್ತು ಬನಾರಸ್ ಕಡೆ ಬಾಟಿ-ಚೋಖಾ ಇಲ್ಲದ ಚಳಿಗಾಲ ಇಲ್ಲ. ಹಿಟ್ಟಿನ ಉಂಡೆಯ ಜೊತೆ ಆಲೂಗಡ್ಡೆ, ಬದನೆಕಾಯಿ ಬೆರಣಿ ಕೆಂಡದಲ್ಲಿ ನಿಧಾನಕ್ಕೆ ಸುಟ್ಟುಕೊಳ್ಳುತ್ತೆ. ಬೆರಣಿಯ ಕಾವು ಸಣ್ಣಗೆ, ಸಮವಾಗಿ ಬಹಳ ಹೊತ್ತು ನಿಲ್ಲುತ್ತೆ. ಸ್ಲೋ ಕುಕ್ಕರ್ ಮಾಡೋದೂ ಅದನ್ನೇ.

ಈಗ ಶಿಕಾಗೋಗೆ ಬರೋಣ. ಈ ಪಾತ್ರೆ ಮಾಡಿದವರು ಇರ್ವಿಂಗ್ ನಾಕ್ಸನ್, ಇದೇ ಊರಿನ ಸಂಶೋಧಕ. ಪೇಟೆಂಟ್ ಸಿಕ್ಕಿದ್ದು 1940ರಲ್ಲಿ. ಪ್ರೇರಣೆ ಅವರ ಅಮ್ಮ ಹೇಳಿದ್ದ ಲಿಥುವೇನಿಯಾದ ಯಹೂದಿ ಮನೆಗಳ ಕಥೆ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಸಬ್ಬತ್, ಆಮೇಲೆ ಬೆಂಕಿ ಹೊತ್ತಿಸೋ ಹಾಗಿಲ್ಲ. ಅದಕ್ಕೇ ಮಾಂಸ, ಆಲೂಗಡ್ಡೆ, ಕಾಳು, ಬಾರ್ಲಿ ತುಂಬಿದ ಮಡಕೆಯನ್ನ ಸಂಜೆಯೇ ಊರಿನ ಬೇಕರಿಗೆ ಒಯ್ದು, ಆರುತ್ತಿರೋ ಒಲೆಯೊಳಗೆ ಇಟ್ಟು ಬರೋದು. ಮಾರನೇ ದಿನ ಬಿಸಿ ಊಟ. ಅದರ ಹೆಸರು ಚೋಲೆಂಟ್. ಅಂದ್ರೆ ಸ್ಲೋ ಕುಕ್ಕರ್ ಹುಟ್ಟಿದ್ದೇ ಮಾಂಸ-ಆಲೂಗಡ್ಡೆಗೆ, ಅದೂ ಒಂದು ‘ಇವತ್ತು ಮಾಡಬಾರದು’ ಅನ್ನೋ ದಿನದ ಕಟ್ಟಳೆಯಿಂದ. ಬನಾರಸ್‌ನ ಮಾಘಾತ ನೆನಪಾಗಲ್ವಾ? 1970ರಲ್ಲಿ ರೈವಲ್ ಅನ್ನೋ ಕಂಪನಿ ನಾಕ್ಸನ್ ಅವರ ಕಂಪನಿ ಕೊಂಡುಕೊಂಡು, ಮರುವರ್ಷ ‘ಕ್ರಾಕ್-ಪಾಟ್’ ಅಂತ ಮಾರುಕಟ್ಟೆಗೆ ಬಿಟ್ಟಿತು.

ಮಾಡೋ ವಿಧಾನ ಕೇಳಿದೋರಿಗೆ: ಒಂದೂವರೆ ಕಿಲೋ ಚಕ್ ರೋಸ್ಟ್, ಅಂದರೆ ಭುಜದ ಮಾಂಸ. ದುಬಾರಿ ಮೆತ್ತನೆ ಭಾಗ ಬೇಡ. ಓಡಾಡಿದ ಸ್ನಾಯುವಿನಲ್ಲೇ ಕೊಲ್ಲಾಜೆನ್ ಜಾಸ್ತಿ, ಗಂಟೆಗಟ್ಟಲೆ ಸಣ್ಣ ಕಾವಿನಲ್ಲಿ ಅದು ಕರಗಿ ಜೆಲಾಟಿನ್ ಆಗಿ ಸಾರು ಮಂದ ಆಗುತ್ತೆ. ಮಾಂಸಕ್ಕೆ ಉಪ್ಪು, ಮೆಣಸಿನಪುಡಿ, ಧನಿಯಾ ಹಚ್ಚಿ ಬಾಣಲೆಯಲ್ಲಿ ಕೆಂಪಗೆ ಹುರಿಯಿರಿ. ಆಲೂಗಡ್ಡೆಯನ್ನ ದಪ್ಪ ಹೋಳು ಮಾಡಿ ತಳದಲ್ಲಿ ಹಾಕಿ; ಈ ಪಾತ್ರೆಯಲ್ಲಿ ಅದು ಮಾಂಸಕ್ಕಿಂತ ನಿಧಾನ ಬೇಯುತ್ತೆ. ಟೊಮೆಟೊ ಹುಳಿ ಮೊದಲೇ ಬಿದ್ದರೆ ಇನ್ನೂ ಗಟ್ಟಿಯಾಗೇ ಉಳಿಯುತ್ತೆ, ಅದನ್ನ ಕೊನೆಗೆ ಹಾಕಿ. ಎರಡು ಲೋಟ ನೀರು ಸಾಕು. ‘ಲೋ’ನಲ್ಲಿ 8 ಗಂಟೆ. ಮುಚ್ಚಳ ತೆಗೆದು ತೆಗೆದು ನೋಡಬೇಡಿ, ಪ್ರತಿ ಸಲ ಕಾವು ಹೋಗುತ್ತೆ.

ಇದೇ ಅಡುಗೆಯನ್ನ ಸಾರನಾಥದಲ್ಲಿ ಮಾಡೋಕಾಗುತ್ತಾ? ಗೋವಿನದಾದರೆ ಇಲ್ಲ. ಉತ್ತರ ಪ್ರದೇಶದ ಗೋಹತ್ಯೆ ನಿಷೇಧ ಕಾಯಿದೆ 1955ರದು. ಎಮ್ಮೆ-ಕೋಣದ ಮಾಂಸ, ಅಲ್ಲಿನ ಮಾತಲ್ಲಿ ‘ಬಡೇ ಕಾ’, ಕಾನೂನಿನ ಪ್ರಕಾರ ಇದೆ. ಕರ್ನಾಟಕದಲ್ಲಿ 1964ರ ಕಾಯಿದೆ ವಯಸ್ಸಾದ ಎತ್ತಿಗೆ ಅವಕಾಶ ಕೊಟ್ಟಿತ್ತು. 2020ರದ್ದು 13 ವರ್ಷ ದಾಟಿದ ಎಮ್ಮೆ-ಕೋಣಕ್ಕೆ ಮಾತ್ರ ಕೊಡುತ್ತೆ. ತಲೆಮಾರುಗಳಿಂದ ದನದ ಬಾಡು ಬೇಯಿಸಿದ ದಲಿತ, ಮುಸ್ಲಿಂ, ಕ್ರೈಸ್ತ ಮನೆಗಳ ಒಲೆಯ ಮೇಲೆ ಇದು ನೇರವಾಗಿ ಬಿದ್ದ ಕಾನೂನು. ನಾವು ಇಲ್ಲಿ ಅಂಗಡಿಯಲ್ಲಿ ಪ್ಯಾಕೆಟ್ ಎತ್ತಿಕೊಳ್ಳೋದು ಎಷ್ಟು ಸಲೀಸು ಅನ್ನೋದು ಆಗ ಗೊತ್ತಾಗುತ್ತೆ.

ಸುಪ್ಪಿಯಾಳ ಪ್ರಶ್ನೆಯೂ ಇದೇ ರಾಜ್ಯದಲ್ಲಿ ತಿರುವು ಮುರುವಾಗಿದೆ. 2015ರ ಸೆಪ್ಟೆಂಬರ್‌ನಲ್ಲಿ ದಾದ್ರಿ ಹತ್ತಿರದ ಬಿಸಾಡಾದಲ್ಲಿ, ಮನೆಯಲ್ಲಿ ಗೋಮಾಂಸ ಇದೆ ಅನ್ನೋ ಗಾಳಿಸುದ್ದಿಗೆ ಗುಂಪೊಂದು ನುಗ್ಗಿ ಮೊಹಮ್ಮದ್ ಅಖ್ಲಾಕ್ ಅವರನ್ನ ಹೊಡೆದು ಕೊಂದಿತು. ಅಲ್ಲೂ ಕೇಳಿದ್ದು ಪಾತ್ರೆಯಲ್ಲಿ ಏನಿದೆ ಅಂತಲೇ. ಆದರೆ ಉಣ್ಣುವವನು ತನ್ನ ತಟ್ಟೆಯ ಬಗ್ಗೆ ಕೇಳಿದ್ದಲ್ಲ, ಉಣ್ಣದವರು ಇನ್ನೊಬ್ಬರ ಮನೆಯ ಬಗ್ಗೆ ಕೇಳಿದ್ದು. ಸಾರನಾಥದ ನಿಯಮದಲ್ಲಿ ಇದಕ್ಕೆ ಜಾಗ ಇಲ್ಲ.

ಅಮ್ಮ ಫೋನಲ್ಲಿ “ಏನ್ ಮಗ ಇವತ್ತು ಅಡುಗೆ?” ಅಂದಾಗ ನಾನು ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಆ ಕಡೆಯಿಂದ ಒಂದು ಕ್ಷಣ ಮಾತಿರಲ್ಲ, ಆಮೇಲೆ “ಬಿಸಿಬಿಸಿ ಉಣ್ಣು, ಚಳಿ” ಅಂತಾಳೆ. ನಮ್ಮ ಪಾಟ್‌ಲಕ್‌ಗಳಿಗೆ ಹೋಗುವಾಗ ನಾನು ಎರಡು ಪಾತ್ರೆ ಒಯ್ಯೋದು, ಎರಡಕ್ಕೂ ದಪ್ಪಕ್ಷರದ ಚೀಟಿ: ಒಂದರ ಮೇಲೆ ‘ದನದ ಮಾಂಸ, ಆಲೂಗಡ್ಡೆ’, ಇನ್ನೊಂದರ ಮೇಲೆ ‘ರಾಜ್ಮಾ, ಆಲೂಗಡ್ಡೆ’. ಸೌಟು ಬೇರೆ ಬೇರೆ. ರಾಜ್ಮಾ ಮಾಡೋರು ಒಂದು ವಿಷಯ ಗಮನಿಸಿ: ನೆನೆಸಿದ ಕಾಳನ್ನ ಹಸಿಯಾಗಿ ನೇರ ಸ್ಲೋ ಕುಕ್ಕರ್‌ಗೆ ಹಾಕಬೇಡಿ. ಅದರಲ್ಲಿರೋ ಲೆಕ್ಟಿನ್ ಅನ್ನೋ ವಿಷ ಸಣ್ಣ ಕಾವಿಗೆ ಹೋಗಲ್ಲ, ವಾಂತಿ ಮಾಡಿಸುತ್ತೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ 10 ನಿಮಿಷ ಕೊತಕೊತ ಕುದಿಸಿ, ಆಮೇಲೆ ಹಾಕಿ.