ಆಳನೀರು ದಾಟುವಿಕೆ (ವಾಹನ)

ಆಳನೀರು ದಾಟುವಿಕೆ ಎಂದರೆ ಸೇತುವೆಯಿಲ್ಲದ ಹೊಳೆ, ತೊರೆ ಅಥವಾ ನೀರು ನಿಂತ ಹಾದಿಯನ್ನು ನಾಲ್ಕು ಚಕ್ರ ಚಾಲನೆಯ ವಾಹನದಲ್ಲಿ, ಚಕ್ರಗಳು ತಳದ ನೆಲವನ್ನು ಬಿಡದಂತೆ ಹಾದುಹೋಗುವ ಕ್ರಮ. ನೀರಿನ ಮೇಲೆ ತೇಲಿ ಸಾಗುವ ಉಭಯಚರ ವಾಹನಗಳಿಗೂ ಇದಕ್ಕೂ ವ್ಯತ್ಯಾಸವಿದೆ. ಐಸ್‌ಲ್ಯಾಂಡಿನ ಒಳನಾಡಿನ ಪರ್ವತ ರಸ್ತೆಗಳಲ್ಲಿ ಮತ್ತು ಉತ್ತರ ಆಸ್ಟ್ರೇಲಿಯಾದ ಕೇಪ್ ಯಾರ್ಕ್ ಪರ್ಯಾಯದ್ವೀಪದ ಕಚ್ಚಾ ಹಾದಿಗಳಲ್ಲಿ ಇಂತಹ ದಾಟುವಿಕೆ ಪ್ರಯಾಣದ ಸಹಜ ಭಾಗವಾಗಿದೆ.

ನೀರಿನಲ್ಲಿ ವಾಹನಕ್ಕೆ ಮೂರು ಬಗೆಯ ಅಪಾಯಗಳಿವೆ. ಎಂಜಿನ್ನಿನೊಳಗೆ ನೀರು ಹೋಗುವುದು ಮೊದಲನೆಯದು. ತೈಲಭಾಗಗಳಿಗೂ ವಿದ್ಯುತ್ ಭಾಗಗಳಿಗೂ ನೀರು ಸೇರುವುದು ಎರಡನೆಯದು. ವಾಹನವೇ ತೇಲಿ ಹರಿವಿನೊಂದಿಗೆ ಕೊಚ್ಚಿಹೋಗುವುದು ಮೂರನೆಯದು. ಮೊದಲ ಎರಡನ್ನು ಸರಿಯಾದ ಆಯ್ಕೆ ಮತ್ತು ಸಿದ್ಧತೆಯಿಂದ ಬಹುಮಟ್ಟಿಗೆ ತಡೆಯಬಹುದು. ಮೂರನೆಯದನ್ನು ಯಾವ ಉಪಕರಣವೂ ತಡೆಯಲಾರದು.

ಹಿನ್ನೆಲೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನಾ ವಾಹನಗಳನ್ನು ಹಡಗಿನಿಂದ ದಡದ ನೀರಿಗೆ ಇಳಿಸಬೇಕಾಗಿತ್ತು. 1944ರ ನಾರ್ಮಂಡಿ ದಾಳಿಯಲ್ಲಿ ಬಳಕೆಯಾದ ಜೀಪು ಮತ್ತು ಟ್ರಕ್ಕುಗಳ ವಿದ್ಯುತ್ ಭಾಗಗಳಿಗೆ ಜಲನಿರೋಧಕ ಲೇಪ ಹಚ್ಚಿ, ಗಾಳಿಯ ಮತ್ತು ಹೊಗೆಯ ಕೊಳವೆಗಳನ್ನು ಎತ್ತರಿಸಲಾಗಿತ್ತು. ಇಂದಿನ ಸಿದ್ಧತೆಯ ತತ್ತ್ವವೂ ಇದೇ. ಎತ್ತರಿಸಿದ ಗಾಳಿ ಕೊಳವೆಗೆ ಬಂದಿರುವ ‘ಸ್ನಾರ್ಕೆಲ್’ ಎಂಬ ಹೆಸರು ಜಲಾಂತರ್ಗಾಮಿಗಳಿಂದ ಎರವಲು ಪಡೆದದ್ದು.

ದಾಟುವ ಆಳ

ತಯಾರಕರು ತಮ್ಮ ವಾಹನಕ್ಕೆ ಗರಿಷ್ಠ ‘ದಾಟುವ ಆಳ’ವನ್ನು ಸೂಚಿಸುತ್ತಾರೆ. ಮಹೀಂದ್ರಾ ಥಾರ್‌ಗೆ 650 ಮಿ.ಮೀ., ಫೋರ್ಸ್ ಗೂರ್ಖಾ ಮತ್ತು ಟೊಯೋಟಾ ಲ್ಯಾಂಡ್ ಕ್ರೂಸರ್ 300ಕ್ಕೆ 700 ಮಿ.ಮೀ., ಫೋರ್ಡ್ ರೇಂಜರ್‌ಗೆ 800 ಮಿ.ಮೀ., ಗಾಳಿ ಸಸ್ಪೆನ್ಷನ್ ಹೊಂದಿದ ಹೊಸ ಲ್ಯಾಂಡ್ ರೋವರ್ ಡಿಫೆಂಡರ್‌ಗೆ 900 ಮಿ.ಮೀ. ಎಂದು ಹೇಳಲಾಗಿದೆ. ಈ ಅಂಕಿಗಳು ಗಟ್ಟಿ ತಳದ, ಶಾಂತವಾದ ನೀರಿನಲ್ಲಿ ನಿಧಾನವಾಗಿ ಸಾಗುವಾಗ ಮಾತ್ರ ಅನ್ವಯಿಸುತ್ತವೆ. ಹರಿಯುವ ಹೊಳೆಗೆ ಇವು ಭರವಸೆಯಲ್ಲ.

ಇದಕ್ಕೆ ಕಾರಣ ತೇಲುವಿಕೆ. ವಾಹನದ ತಳದ ವಿಸ್ತೀರ್ಣ ಸುಮಾರು 6 ಚದರ ಮೀಟರ್ ಎಂದುಕೊಂಡರೆ, ನೀರು ತಳಕ್ಕಿಂತ ಪ್ರತಿ 10 ಸೆಂ.ಮೀ. ಮೇಲೇರಿದಾಗ ಸುಮಾರು 600 ಕಿ.ಗ್ರಾಂ. ಭಾರವನ್ನು ಅದು ಎತ್ತಿಹಿಡಿಯುತ್ತದೆ. ಒಳಗೆ ನೀರು ನುಗ್ಗದಿದ್ದರೆ, 2,000 ಕಿ.ಗ್ರಾಂ. ತೂಕದ ವಾಹನವು ತಳದಿಂದ ಮೇಲೆ ಸುಮಾರು 33 ಸೆಂ.ಮೀ. ನೀರಿನಲ್ಲೇ ಚಕ್ರಗಳ ಹಿಡಿತವನ್ನು ಪೂರ್ತಿ ಕಳೆದುಕೊಳ್ಳುತ್ತದೆ. ಇದರ ಜೊತೆಗೆ ಹರಿವಿನ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ.

ವಾಹನದ ಆಯ್ಕೆ

ಎತ್ತರದ ನೆಲತೆರವು ಮತ್ತು ಕಡಿಮೆ ವೇಗದ ಗೇರ್ ಶ್ರೇಣಿ ಇರುವ ವಾಹನ ಈ ಕೆಲಸಕ್ಕೆ ಸೂಕ್ತ. ಆದರೆ ಮೊದಲು ನೋಡಬೇಕಾದುದು ಎಂಜಿನ್ ಎಲ್ಲಿಂದ ಗಾಳಿ ಎಳೆದುಕೊಳ್ಳುತ್ತದೆ ಎಂಬುದನ್ನು. ಅನೇಕ ವಾಹನಗಳಲ್ಲಿ ಆ ಬಾಯಿ ಮುಂದಿನ ದೀಪದ ಹಿಂದೆ ಅಥವಾ ಮಡ್‌ಗಾರ್ಡ್ ಒಳಗೆ ಅಡಗಿರುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಇಲ್ಲದಿರುವುದರಿಂದ ನೀರಿನಲ್ಲಿ ಅದು ಹೆಚ್ಚು ತಾಳಿಕೊಳ್ಳುತ್ತದೆ. ಆದರೆ ಇಂದಿನ ಡೀಸೆಲ್ ವಾಹನಗಳೂ ವಿದ್ಯುನ್ಮಾನ ನಿಯಂತ್ರಣವನ್ನೇ ಅವಲಂಬಿಸಿವೆ. ಆದ್ದರಿಂದ ನಿಯಂತ್ರಣ ಘಟಕ, ಬ್ಯಾಟರಿ ಮತ್ತು ಆಲ್ಟರ್ನೇಟರ್ ಎಷ್ಟು ಎತ್ತರದಲ್ಲಿವೆ ಎಂಬುದೂ ಮುಖ್ಯ.

ಸಿದ್ಧತೆ

ಸ್ನಾರ್ಕೆಲ್: ಇದು ಗಾಳಿಯ ಬಾಯಿಯನ್ನು ಚಾವಣಿಯ ಮಟ್ಟಕ್ಕೆ ಏರಿಸುತ್ತದೆ. ನೀರನ್ನು ಗಾಳಿಯಂತೆ ಅಮುಕಲು ಬಾರದು. ಅರ್ಧ ಲೀಟರ್ ಗಾತ್ರದ, 16:1 ಸಂಪೀಡನ ಅನುಪಾತದ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೇರಿದಾಗ ಉಳಿಯುವ ಜಾಗ ಸುಮಾರು 33 ಮಿ.ಲೀ. ಮಾತ್ರ. ಅದಕ್ಕಿಂತ ಹೆಚ್ಚು, ಎಂದರೆ ಎರಡು ಮೂರು ದೊಡ್ಡ ಚಮಚದಷ್ಟು ನೀರು ಒಳಸೇರಿದರೂ ಕನೆಕ್ಟಿಂಗ್ ರಾಡ್ ಬಾಗಬಹುದು. ಸ್ನಾರ್ಕೆಲ್‌ನಿಂದ ಎಂಜಿನ್‌ವರೆಗಿನ ಪ್ರತಿಯೊಂದು ಜೋಡಣೆಯೂ ಬಿಗಿಯಾಗಿರಬೇಕು. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಸ್ನಾರ್ಕೆಲ್ ಬಾಯಿಯನ್ನು ಮುಚ್ಚಿದರೆ ಅದು ಕಟ್ಟಿಕೊಂಡು ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲೋ ಬಿರುಕಿದೆ ಎಂದರ್ಥ.

ಉಸಿರು ಕೊಳವೆಗಳು: ಓಡಿ ಬಿಸಿಯಾದ ಡಿಫರೆನ್ಷಿಯಲ್ ಮತ್ತು ಗೇರ್‌ಪೆಟ್ಟಿಗೆ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರಿಕೊಳ್ಳುತ್ತದೆ. ಇವುಗಳ ಉಸಿರು ಕೊಳವೆಗಳನ್ನು ರಬ್ಬರ್ ನಾಳದಿಂದ ಎತ್ತರಕ್ಕೆ ಒಯ್ಯಬೇಕು. ಅಗ್ಗದ ಈ ಕೆಲಸವನ್ನು ಹಲವರು ಮರೆಯುತ್ತಾರೆ.

ಫ್ಯಾನ್ ಮತ್ತು ಮುಂಭಾಗದ ಹೊದಿಕೆ: ತಿರುಗುವ ಫ್ಯಾನಿನ ರೆಕ್ಕೆಗಳು ನೀರಿನಲ್ಲಿ ಮುಂದಕ್ಕೆ ಬಾಗಿ ರೇಡಿಯೇಟರನ್ನು ಸೀಳಬಹುದು. ವಾಹನದ ಮುಂಭಾಗಕ್ಕೆ ಟಾರ್ಪಾಲಿನ್ ಬಿಗಿದರೆ ಎಂಜಿನ್ ಕೋಣೆಗೆ ನೀರು ನುಗ್ಗುವುದು ತಗ್ಗುತ್ತದೆ.

ಎಳೆಯುವ ಹಗ್ಗ: ನೀರಿಗಿಳಿಯುವ ಮೊದಲೇ ಅದನ್ನು ಕೊಂಡಿಗೆ ಕಟ್ಟಿಡಬೇಕು, ಮುಳುಗಿದ ಕೊಂಡಿಯನ್ನು ಹರಿವಿನಲ್ಲಿ ಹುಡುಕುವುದು ಕಷ್ಟ.

ದಾಟುವ ವಿಧಾನ

ಮೊದಲು ನಡೆದು ನೋಡಿ ಆಳ, ತಳ ಮತ್ತು ಹರಿವನ್ನು ಅಳೆಯುವುದು ಸಾಮಾನ್ಯ ನಿಯಮ. ಕಾಲೂರಿ ನಿಲ್ಲಲಾಗದ ಹರಿವಿಗೆ ವಾಹನವನ್ನು ಇಳಿಸಬಾರದು. ಉತ್ತರ ಆಸ್ಟ್ರೇಲಿಯಾದಲ್ಲಿ ಈ ನಿಯಮ ಅಪಾಯಕರ, ಏಕೆಂದರೆ ಅಲ್ಲಿನ ನದಿಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಕಾಕಡು ರಾಷ್ಟ್ರೀಯ ಉದ್ಯಾನದಿಂದ ಆರ್ನೆಮ್ ಲ್ಯಾಂಡಿಗೆ ಹೋಗುವ ಕೇಹಿಲ್ಸ್ ಕ್ರಾಸಿಂಗ್‌ನಲ್ಲಿ ನೀರಿಗಿಳಿದವರು ಮೊಸಳೆಗೆ ಬಲಿಯಾದದ್ದುಂಟು. ಅಲ್ಲಿ ಕಡಲಿನ ಉಬ್ಬರದೊಂದಿಗೆ ನೀರೂ ಏರುವುದರಿಂದ, ಉಬ್ಬರದ ವೇಳೆಯನ್ನು ತಿಳಿದು ಆಳದ ಫಲಕವನ್ನು ನೋಡಿ ದಾಟಬೇಕು.

ಐಸ್‌ಲ್ಯಾಂಡಿನಲ್ಲಿ ಲೆಕ್ಕ ಬೇರೆ. ಹಗಲಿನ ಬಿಸಿಲಿಗೆ ಹಿಮನದಿ ಕರಗಿ ಮಧ್ಯಾಹ್ನದ ನಂತರ ಹೊಳೆಗಳು ಉಕ್ಕುತ್ತವೆ. ಬೆಳಗಿನ ಹೊತ್ತು ನೀರು ಕಡಿಮೆ. ಸಾಮಾನ್ಯವಾಗಿ ಹೊಳೆ ಅಗಲವಾಗಿ ಹರಡಿದ ಕಡೆ ಆಳ ಕಡಿಮೆಯಿದ್ದು, ಇಕ್ಕಟ್ಟಾಗಿ ನುಣುಪಾಗಿ ಹರಿಯುವ ಕಡೆ ಹೆಚ್ಚಿರುತ್ತದೆ.

ಕಿಟಕಿಗಳನ್ನು ಇಳಿಸಿ, ಕಡಿಮೆ ಶ್ರೇಣಿಯ ಗೇರಿನಲ್ಲಿ, ನಡಿಗೆಯ ವೇಗದಲ್ಲಿ ಸಾಗಬೇಕು. ಆಗ ಮುಂದೆ ಏಳುವ ಅಲೆಯ ಹಿಂದೆ ಎಂಜಿನ್ ಕೋಣೆಯ ನೀರಿನ ಮಟ್ಟ ತಗ್ಗಿರುತ್ತದೆ. ನಡುವೆ ಗೇರ್ ಬದಲಿಸಬಾರದು. ಕ್ಲಚ್ ಫಲಕಗಳ ನಡುವೆ ನೀರು ಸೇರಿ ಜಾರಬಹುದು. ನೀರು ಹೊಕ್ಕು ಎಂಜಿನ್ ನಿಂತರೆ ಮತ್ತೆ ಚಾಲೂ ಮಾಡದೆ ವಾಹನವನ್ನು ಎಳೆದು ಹೊರತರಬೇಕು.

ದಾಟಿದ ನಂತರ

ಬ್ರೇಕನ್ನು ಲಘುವಾಗಿ ಒತ್ತುತ್ತಾ ಒಣಗಿಸಬೇಕು. ಎಂಜಿನ್, ಗೇರ್‌ಪೆಟ್ಟಿಗೆ ಮತ್ತು ಡಿಫರೆನ್ಷಿಯಲ್‌ಗಳ ಎಣ್ಣೆಯನ್ನು ಪರೀಕ್ಷಿಸಬೇಕು. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಬೆರೆತಿದೆ ಎಂದು ತಿಳಿದು ಕೂಡಲೇ ಬದಲಿಸಬೇಕು.

ಪ್ರವಾಹ ಮತ್ತು ಎಚ್ಚರಿಕೆ

ಮೇಲಿನ ಯಾವ ಸಿದ್ಧತೆಯೂ ಪ್ರವಾಹಕ್ಕೆ ಅನ್ವಯಿಸುವುದಿಲ್ಲ. ಸುಮಾರು 30 ಸೆಂ.ಮೀ. ಹರಿಯುವ ನೀರು ಬಹುತೇಕ ಕಾರುಗಳನ್ನೂ, 60 ಸೆಂ.ಮೀ. ನೀರು ಎತ್ತರದ ವಾಹನಗಳನ್ನೂ ಒಯ್ಯಬಲ್ಲದು ಎಂದು ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಎಚ್ಚರಿಸುತ್ತದೆ. ಕೆಸರು ನೀರಿನಡಿ ರಸ್ತೆಯೇ ಕೊಚ್ಚಿಹೋಗಿದ್ದರೂ ಚಾಲಕನಿಗೆ ಕಾಣುವುದಿಲ್ಲ. ಕರ್ನಾಟಕದ ಚಿಕ್ಕೋಡಿ ಭಾಗದಲ್ಲಿ ಕೃಷ್ಣಾ ಮತ್ತು ಅದರ ಉಪನದಿಗಳ ಕೆಳಮಟ್ಟದ ಸೇತುವೆಗಳು ಜೋರು ಮಳೆಗಾಲದಲ್ಲಿ ಮುಳುಗುತ್ತವೆ. ಅಲ್ಲಿಯೂ ಇದೇ ಮಾತು ಸಲ್ಲುತ್ತದೆ. ಪ್ರವಾಹದ ನೀರು ರಸ್ತೆಯ ಮೇಲೆ ಹರಿಯುತ್ತಿದ್ದರೆ, ವಾಹನ ಯಾವುದೇ ಇರಲಿ, ನೀರು ಇಳಿಯುವವರೆಗೆ ಕಾಯುವುದು ಅಥವಾ ಹಿಂದಿರುಗುವುದೇ ಸುರಕ್ಷಿತ ಕ್ರಮ.